ಹಲ್ಲು ಹೋಯಿತು, ಬ್ಯಾನಿ ಉಳಿಯಿತು

ತೊರವಿಯಿಂದ ವಿಜಯಪುರಕ್ಕೆ ಹೊರಟ ಬಸ್ಸಿನಲ್ಲಿ ಯಾರಾದರೂ ಕೆನ್ನೆಗೆ ಟವೆಲ್ ಸುತ್ತಿಕೊಂಡು ಕಿಟಕಿ ಮುಚ್ಚಿರೆಂದು ಗೋಗರೆದರೆ ಅದು ನೆಗಡಿಯೇ ಆಗಿರಬೇಕಿಲ್ಲ. ‘ಹಲ್ಲ ಕೀಳಿಸೀನ್ರಿ, ಬ್ಯಾನಿ ಹೋಗವಲ್ದು’ ಎಂಬ ಮಾತೂ ಜೊತೆಗೆ ಬಂದರೆ, ಮುಂದಿನ ಹಲ್ಲಿಗೆ ಇಕ್ಕಳ ಹಾಕುವ ಮುನ್ನ ಡಾಕ್ಟರು ಕುರ್ಚಿ ಎಳೆದುಕೊಂಡು ಕೂರಬೇಕು.

ಎಷ್ಟೋ ಸಲ ಕಾರಣ ಹಲ್ಲಿನಲ್ಲೇ ಇರುತ್ತದೆ. ಕಿತ್ತ ಎರಡು-ಮೂರು ದಿನಕ್ಕೆ ಕುಳಿಯ ರಕ್ತದ ಹೆಪ್ಪು ಕಳಚಿ ಎಲುಬು ಬಯಲಾದರೆ ನೋವು ಕಿವಿಯವರೆಗೂ ಏರುತ್ತದೆ; ಅದು ‘ಡ್ರೈ ಸಾಕೆಟ್’. ರೂಟ್ ಕೆನಾಲ್ ಮಾಡುವಾಗ ಮೇಲಿನ ಮೊದಲ ದವಡೆಹಲ್ಲಿನ ನಾಲ್ಕನೇ ಕಾಲುವೆ ಕಣ್ತಪ್ಪುವುದು ಹಳೇ ತಂಟೆ. ಸಾದಾ ಎಕ್ಸ್‌ರೇಯಲ್ಲಿ ಅಡಗಿದ್ದು ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಸಿಗಬಹುದು. ಖಡಕ್ ರೊಟ್ಟಿ ಕಚ್ಚಿ ದವಡೆ ಸಡಿಲಿಸುವಾಗ ಚುಳುಕ್ ಎಂದರೆ ಹಲ್ಲು ಸೀಳಿರುವ ಅನುಮಾನ.

ನರದ ನೋವಿನ ರೀತಿಯೇ ಬೇರೆ. ಮುಖದ ಸ್ಪರ್ಶ ತಿಳಿಸುವ ಐದನೇ ನರವನ್ನು ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಒತ್ತಿದರೆ ಹಲ್ಲುಜ್ಜಿದರೂ, ಗಡ್ಡ ಬೋಳಿಸಿದರೂ, ಗಾಳಿ ಸೋಕಿದರೂ ಕರೆಂಟ್ ಹೊಡೆದಂತಾಗುತ್ತದೆ. ಕೆಲವು ಸೆಕೆಂಡಿನಲ್ಲಿ ಮಾಯ. ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ನಟ ಸಲ್ಮಾನ್ ಖಾನ್ ಇದರಿಂದ ನರಳಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಹಲ್ಲುನೋವೆಂದೇ ತಿಳಿದು ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡವರು ಜಗತ್ತಿನಾದ್ಯಂತ ಇದ್ದಾರೆ. ಇದಕ್ಕೆ ಮೊದಲು ಕೊಡುವುದು ಮೂರ್ಛೆರೋಗದ ಮಾತ್ರೆ, ಕಾರ್ಬಮಜೆಪಿನ್! ಅದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವಂತಿಲ್ಲ. ರಕ್ತಪರೀಕ್ಷೆ ಬೇಕು, ಮೈಮೇಲೆ ದದ್ದು ಎದ್ದರೆ ತಕ್ಷಣ ಡಾಕ್ಟರಲ್ಲಿಗೆ ಓಡಬೇಕು.

ಚಿಕಿತ್ಸೆಯಿಂದಲೇ ನರಕ್ಕೆ ಪೆಟ್ಟಾಗುವುದೂ ಉಂಟು. ಬುದ್ಧಿಹಲ್ಲು ಕೀಳುವಾಗ, ಇಂಪ್ಲಾಂಟ್ ಕೂರಿಸುವಾಗ ಕೆಳದವಡೆಯ ನರ ನೊಂದರೆ ತುಟಿ ಜೋಮು ಹಿಡಿದು ಒಳಗೆ ಉರಿ ಕಾಡುತ್ತದೆ. ಇಂಪ್ಲಾಂಟ್ ಆದ ಮರುದಿನವೂ ಜೋಮು ಇಳಿಯದಿದ್ದರೆ ಅವತ್ತೇ ಹೇಳಬೇಕು. ತಡವಾದಷ್ಟೂ ನರ ಚೇತರಿಸಿಕೊಳ್ಳುವುದು ಕಷ್ಟ. ಬಾಯಿ-ಮುಖದ ನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ ಮೊದಲ ಬಾರಿ ಹೊರಬಂದದ್ದೇ 2020ರಲ್ಲಿ. ಅಲ್ಲಿಯವರೆಗೆ ಇಂಥವರು ಎಷ್ಟು ಜನ ‘ಎಲ್ಲಾ ಮನಸ್ಸಿಂದು’ ಅನ್ನಿಸಿಕೊಂಡರೋ!

ಪತ್ತೆಗೊಂದು ಸಣ್ಣ ಉಪಾಯವಿದೆ. ಅನುಮಾನದ ಹಲ್ಲಿಗೆ ಜೋಮಿನ ಇಂಜೆಕ್ಷನ್ ಕೊಟ್ಟು ಕಾಯುವುದು. ನೋವು ಜಗ್ಗದಿದ್ದರೆ ಮೂಲ ಬೇರೆಡೆ ಹುಡುಕಬೇಕು. ನೋವು ಇಳಿದರೂ ಅಷ್ಟಕ್ಕೇ ಇಕ್ಕಳ ಎತ್ತುವಂತಿಲ್ಲ. ವಿಜಯಪುರದಲ್ಲಿ ದಂತ ಕಾಲೇಜೂ ಇದೆ, ವೈದ್ಯಕೀಯ ಕಾಲೇಜುಗಳೂ ಇವೆ. ನರರೋಗದ ಡಾಕ್ಟರಿಗೆ ಒಂದು ಚೀಟಿ ಬರೆಯಲು ಹಲ್ಲಿನ ಡಾಕ್ಟರು ಹಿಂಜರಿಯಬಾರದು.

ರೋಗಿಯ ಕೈಯೂ ಸುಳಿವು ಕೊಡುತ್ತದೆ. ದವಡೆಯ ಸ್ನಾಯು ನೋಯುವವರು ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಕರೆಂಟಿನ ನೋವಿನವರು ಜಾಗ ತೋರಿಸಲು ಬೆರಳೆತ್ತುತ್ತಾರೆ. ಆ ಬೆರಳು ಕೆನ್ನೆಗೆ ತಾಗದೆ ಇಂಚು ದೂರದಲ್ಲೇ ನಿಲ್ಲುತ್ತದೆ.