ವರದಿಯು ಯಾರಿಗಾಗಿ?

ಕ್ಷಕಿರಣ, ಸಿ.ಟಿ., ಎಂ.ಆರ್.ಐ., ಅಲ್ಟ್ರಾಸೌಂಡ್ ಮೊದಲಾದ ಪರೀಕ್ಷೆಗಳ ವರದಿಗಳು ನಮ್ಮ ನಾಡಿನಲ್ಲಿ ಪ್ರಾಯಶಃ ಇಂಗ್ಲಿಷಿನಲ್ಲಿಯೇ ಬರೆಯಲ್ಪಡುತ್ತವೆ. ದೇಹವು ರೋಗಿಯದು, ತೆತ್ತ ಹಣವು ರೋಗಿಯದು, ಲಕೋಟೆಯನ್ನು ಮೊದಲು ತೆರೆಯತಕ್ಕವನೂ ಅವನೇ. ಆದರೆ ಒಳಗಣ ಒಂದು ವಾಕ್ಯವಾದರೂ ಅವನಿಗಾಗಿ ಬರೆದುದಲ್ಲ. ವೈದ್ಯರ ದರ್ಶನವಾಗುವ ತನಕ ಅವನು ಅದನ್ನು ಅರೆಬರೆಯಾಗಿ ಓದಿ, ಇಲ್ಲದ ರೋಗವನ್ನು ಉಂಟೆಂದೂ, ಇರುವ ರೋಗವನ್ನು ಇಲ್ಲವೆಂದೂ ಭಾವಿಸುವನು.

ನಿದರ್ಶನಗಳನ್ನು ನೋಡಬಹುದು. ‘ಅನ್‌ರಿಮಾರ್ಕಬಲ್’ ಎಂದರೆ ಅಸಹಜವಾದುದೇನೂ ಕಾಣಲಿಲ್ಲವೆಂದು ಅರ್ಥ. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವನಿಗೆ ಅದು ತಿರಸ್ಕಾರದ ಮಾತಾಗಿ ತೋರುತ್ತದೆ. ‘ನೆಗೆಟಿವ್’ ಎಂದರೆ ಹುಡುಕಿದ ದೋಷವು ಸಿಕ್ಕಲಿಲ್ಲವೆಂದು. ಕೇಳುವ ಕಿವಿಗೆ ಅದೇ ಅಶುಭವಾರ್ತೆ. ‘ಲೀಶನ್’ ಎಂಬುದು ಗಾಯವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಬಂದುದು. ವರದಿಯಲ್ಲಿ ಸುತ್ತಣ ಭಾಗಕ್ಕಿಂತ ಭಿನ್ನವಾಗಿ ಕಾಣುವ ಯಾವುದೇ ಎಡೆಗೂ ಅದು ಸಲ್ಲುತ್ತದೆ. ನಿರುಪದ್ರವಿಯಾದ ನೀರುಗುಳ್ಳೆಯೂ ಲೀಶನ್, ಅರ್ಬುದವೂ ಲೀಶನ್. ಶ್ವಾಸಕೋಶದ ‘ನಾಡ್ಯೂಲ್’ ಎಂದರೆ 3 ಸೆಂಟಿಮೀಟರ್ ಮೀರದ ದುಂಡನೆಯ ಮಚ್ಚೆ. ಮೀರಿದರೆ ಅದು ‘ಮಾಸ್’. ಬೆನ್ನೆಲುಬಿನ ‘ಡಿಜೆನರೇಟಿವ್’ ಬದಲಾವಣೆಯು ಬಹುಮಟ್ಟಿಗೆ ವಯಸ್ಸಿನ ಸವೆತ. ‘ಕ್ಲಿನಿಕಲ್ ಕೋರಿಲೇಷನ್’ ಬೇಕೆಂದರೆ, ಚಿತ್ರವೊಂದರಿಂದಲೇ ನಿರ್ಣಯ ಸಲ್ಲದು, ರೋಗಲಕ್ಷಣಗಳೊಡನೆ ತಾಳೆ ನೋಡತಕ್ಕದ್ದು ಎಂದಭಿಪ್ರಾಯ.

ಕನ್ನಡಿಸುವವರೂ ನಿರ್ದೋಷಿಗಳಲ್ಲ. ‘ಅಕ್ಯೂಟ್’ ಶಬ್ದವು ವೈದ್ಯದಲ್ಲಿ ಮುಖ್ಯವಾಗಿ ಕಾಲವನ್ನು ಹೇಳುತ್ತದೆ: ಇತ್ತೀಚೆಗೆ ಥಟ್ಟನೆ ಉಂಟಾದುದು. ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವುದು. ಮೊದಲನೆಯದನ್ನು ‘ತೀವ್ರ’ವೆಂದು ಬರೆಯುವ ರೂಢಿಯುಂಟು. ತೀವ್ರವೆಂಬುದು ಬಲವನ್ನು ಹೇಳುವ ಮಾತಾದುದರಿಂದ, ‘ಹೊಸದಾಗಿ ಉಂಟಾದ ದೋಷವಿಲ್ಲ’ ಎಂಬುದು ‘ಹೆಚ್ಚಿನ ದೋಷವಿಲ್ಲ’ ಎಂದು ಪರಿಣಮಿಸುತ್ತದೆ. ಹಳೆಯ ರೋಗವನ್ನು ಹೊತ್ತವನು ನಿಶ್ಚಿಂತನಾಗಿ ಮನೆಗೆ ಹಿಂದಿರುಗುವನು. ಒಂದು ವಿಶೇಷಣದ ಪ್ರಮಾದಕ್ಕೆ ತೆರಬೇಕಾದ ದಂಡವೆಷ್ಟು ದೊಡ್ಡದೆಂಬುದನ್ನು ವಾಚಕರೇ ಊಹಿಸಬಹುದು.

ಇಲ್ಲಿ ಮೂರು ಆಕ್ಷೇಪಗಳು ಹುಟ್ಟುತ್ತವೆ. ವರದಿಯು ಒಬ್ಬ ವೈದ್ಯನು ಇನ್ನೊಬ್ಬ ವೈದ್ಯನಿಗೆ ಬರೆದ ಪತ್ರವೆಂಬುದು ಮೊದಲನೆಯದು. ಹಾಗಿದ್ದಲ್ಲಿ, ರೋಗಿಯು ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡತಕ್ಕದ್ದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ವಿಧಿಸಿದುದೇಕೆ? ಓದಲು ಬಾರದ ಕಾಗದವನ್ನು ಕೊಟ್ಟು ಹಕ್ಕನ್ನು ಸಲ್ಲಿಸಿದೆವೆನ್ನುವುದು ಕುರುಡನಿಗೆ ಕನ್ನಡಿ ಕೊಟ್ಟಂತೆ.

ಕನ್ನಡಕ್ಕೆ ಆ ಶಕ್ತಿಯಿಲ್ಲವೆಂಬುದು ಎರಡನೆಯದು. 14ನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿ ನಿರೂಪಿಸಿದನು. 1895ರಲ್ಲಿ ರಾಂಟ್‌ಜೆನ್ ಮಹಾಶಯನು ಕಂಡ ಅಜ್ಞಾತ ಕಿರಣಕ್ಕೆ ಕನ್ನಡವು ‘ಕ್ಷ’ಕಾರವನ್ನು ಮುಂದಿಟ್ಟು ಹೆಸರು ಕೊಟ್ಟಿತು. ಕಿರಣಕ್ಕೆ ಹೆಸರಿಟ್ಟ ಭಾಷೆಯು ಅದು ತೋರಿಸಿದುದನ್ನು ಹೇಳಲಾರದೆ?

ತಿಳಿದರೆ ರೋಗಿಯು ಹೆದರುವನೆಂಬುದು ಮೂರನೆಯದು. ತಿಳಿಯದೆ ಹೆದರುವ ಹೆದರಿಕೆಗೆ ಮದ್ದಿಲ್ಲ. ತಿಳಿದವನ ಭಯಕ್ಕೆ ವೈದ್ಯನ ಒಂದು ಮಾತು ಸಾಕು.

ಆದರೆ ಇಂಗ್ಲಿಷನ್ನು ತೆಗೆದು ಆ ಸ್ಥಾನದಲ್ಲಿ ದೀರ್ಘ ಸಂಸ್ಕೃತ ಸಮಾಸಗಳನ್ನು ಕೂರಿಸುವುದು ಪರಿಹಾರವಲ್ಲ. ಅಮರಕೋಶವನ್ನು ಕಂಠಪಾಠ ಮಾಡಿದವನಿಗೆ ಮಾತ್ರ ತಿಳಿಯುವ ಪದವು ರೋಗಿಗೆ ಇಂಗ್ಲಿಷಿನಷ್ಟೇ ಪರಕೀಯ. ಗಂಟು, ಬಾವು, ಸವೆತ, ಬಿರುಕು, ನೀರುಗುಳ್ಳೆ ಎಂಬ ಮನೆಮಾತುಗಳಿರಲು ಬೇರೆ ಶಬ್ದಸೃಷ್ಟಿ ಏತಕ್ಕೆ?

ಶಾಸ್ತ್ರಭಾಗವು ವೈದ್ಯರ ಪರಿಭಾಷೆಯಲ್ಲಿಯೇ ಇರಲಿ. ಕೊನೆಯಲ್ಲಿ ಐದಾರು ಪಂಕ್ತಿಗಳು ಕನ್ನಡದಲ್ಲಿರಲಿ: ಏನು ಕಂಡಿತು, ಏನು ಕಾಣಲಿಲ್ಲ, ಯಾವುದು ಸಂದೇಹಾಸ್ಪದ, ಎಷ್ಟು ದಿನದೊಳಗೆ ವೈದ್ಯರನ್ನು ಕಾಣಬೇಕು. ಇಷ್ಟನ್ನು ಬರೆಯಲು ವ್ಯಯವಾಗುವ ಕಾಲವು ಅತ್ಯಲ್ಪ. ದೇಹದ ಒಳಗನ್ನೇ ಬೆಳಗಿ ತೋರಿಸುವ ವಿದ್ಯೆಯು ದೇಹವುಳ್ಳವನನ್ನು ಕತ್ತಲೆಯಲ್ಲಿರಿಸುವುದು ನ್ಯಾಯವಲ್ಲ.