ಆರೋಗ್ಯ ವಿಚಾರ: ಕಡಲಹುಲ್ಲಿನ ಚೂರ್ಣ

ವಾಚಕಿಯರಾದ ಸೋದರಿಯೊಬ್ಬರು ಕಾಗದ ಬರೆದು ಕೇಳಿದ್ದಾರೆ: ಮಧುಮೇಹವುಳ್ಳ ತಮ್ಮ ಯಜಮಾನರು ಕಡಲಹುಲ್ಲಿನ ಚೂರ್ಣವನ್ನು ತರಿಸಿಕೊಂಡು, ವೈದ್ಯರು ಕೊಟ್ಟ ಗುಳಿಗೆಗಳನ್ನು ಹದಿನೈದು ದಿನಗಳಿಂದ ಬಿಟ್ಟಿರುವರಂತೆ, ಇದು ಸರಿಯೆ? ಸರಿಯಲ್ಲ. ಗುಳಿಗೆ ನಿಲ್ಲಿಸಿರುವ ಸಂಗತಿಯನ್ನು ಇಂದೇ ವೈದ್ಯರಿಗೆ ತಿಳಿಸತಕ್ಕದ್ದು. ಹಾಗೆಂದು ಆ ಹುಲ್ಲು ನಿರ್ಗುಣವೆಂದೂ ನಾನು ಹೇಳಲಾರೆ.

ಕಡಲಹುಲ್ಲನ್ನು ಅನೇಕರು ಪಾಚಿಯೆಂದು ಭಾವಿಸುವುದುಂಟು. ಪಾಚಿಗೆ ಸಂಸ್ಕೃತದಲ್ಲಿ ಶೈವಲವೆಂದು ಹೆಸರು. ಆ ಹೆಸರು ಇದಕ್ಕೆ ಸಲ್ಲದು. ಇದಕ್ಕೆ ಬೇರು, ಕಾಂಡ, ಎಲೆಗಳೆಲ್ಲವೂ ಇವೆ. ನೀರಿನೊಳಗೇ ಹೂಬಿಟ್ಟು, ನೀರಿನ ಮೂಲಕವೇ ಪರಾಗವನ್ನು ಕಳುಹಿಸಿ, ಬೀಜ ಕಟ್ಟುತ್ತದೆ. ಮೆಕ್ಸಿಕೋ ದೇಶದ ಸೇರಿ ಎಂಬ ಜನರು ಇದರ ಒಂದು ಜಾತಿಯ ಕಾಳನ್ನು ಒಕ್ಕಿ, ಹುರಿದು, ಬೀಸಿ, ಗಂಜಿ ಮಾಡಿ ಉಣ್ಣುತ್ತಿದ್ದರೆಂದು ೧೯೭೩ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಕಡಲಿನಲ್ಲಿಯೂ ಧಾನ್ಯ ಬೆಳೆಯುವುದೆಂದರೆ ನಮ್ಮ ಒಕ್ಕಲಿಗರು ನಂಬುವರೋ ಇಲ್ಲವೋ!

ನೆಟ್ಟ ಜಾಗವನ್ನು ಬಿಟ್ಟು ಕದಲಲಾರದ ಸಸ್ಯವು ಸೂಕ್ಷ್ಮಜೀವಿಗಳ ಉಪದ್ರವದಿಂದ ತನ್ನನ್ನು ಕಾಪಾಡಿಕೊಳ್ಳಲು ಮೈಯಲ್ಲಿಯೇ ಕೆಲವು ದ್ರವ್ಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಜೋಸ್ಟೆರಾ ಎಂಬ ಜಾತಿಯಲ್ಲಿರುವ ಜೋಸ್ಟೆರಿಕ್ ಆಮ್ಲವು ಇತರ ಜೀವಿಗಳು ಎಲೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಅದರಲ್ಲಿಯೇ ಇರುವ ರೋಸ್ಮರಿನಿಕ್ ಆಮ್ಲವು ಉರಿಯೂತವನ್ನು ತಗ್ಗಿಸುವ ಗುಣವುಳ್ಳದ್ದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಈ ಎರಡನೆಯದಕ್ಕಾಗಿ ಸಮುದ್ರಕ್ಕೆ ಹೋಗಬೇಕಾಗಿಲ್ಲ. ನಮ್ಮ ಅಂಗಳದ ತುಳಸಿಯಲ್ಲಿಯೂ ಪುದೀನದಲ್ಲಿಯೂ ಅದು ಇದ್ದೇ ಇದೆ.

ಇನ್ನು ಮಧುಮೇಹದ ಮಾತು. ತುರ್ಕಿ ದೇಶದ ಪಶ್ಚಿಮ ಕರಾವಳಿಯ ಹಳ್ಳಿಗರು ಪೊಸಿಡೋನಿಯಾ ಎಂಬ ಕಡಲಹುಲ್ಲನ್ನು ಈ ರೋಗಕ್ಕೆ ಮನೆಮದ್ದಾಗಿ ಬಳಸುತ್ತಿದ್ದರು. ಅಲ್ಲಿಯ ಸಂಶೋಧಕರು ಇಲಿಗಳಲ್ಲಿ ಕೃತಕವಾಗಿ ಮಧುಮೇಹವನ್ನುಂಟುಮಾಡಿ, ಆ ಎಲೆಯ ಸಾರವನ್ನು ಕೊಟ್ಟಾಗ, ರಕ್ತದ ಸಕ್ಕರೆ ಇಳಿಯಿತೆಂದು ೨೦೦೮ರಲ್ಲಿ ವರದಿಮಾಡಿದರು. ಚೂರ್ಣ ಮಾರುವವರು ಇಂತಹ ವರದಿಗಳನ್ನೇ ಹಿಡಿದುಕೊಂಡು ಬರುತ್ತಾರೆ. ಇಲಿಯ ಮಾತನ್ನು ಮಾತ್ರ ಬಿಟ್ಟುಬಿಡುತ್ತಾರೆ. ಇಲಿಗೆ ಹಿತವಾದುದು ಮನುಷ್ಯನಿಗೆ ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಹಿತವೆಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಚೂರ್ಣವು ನಿಷ್ಫಲವಾದರೆ, ಗುಳಿಗೆ ಬಿಟ್ಟವರಲ್ಲಿ ಸಕ್ಕರೆ ಸದ್ದಿಲ್ಲದೆ ಏರಿ ಕಣ್ಣಿಗೂ ಮೂತ್ರಪಿಂಡಕ್ಕೂ ಕೇಡು ಮಾಡುವುದು. ಒಂದು ವೇಳೆ ಸಫಲವಾದರೆ, ಗುಳಿಗೆಯೊಡನೆ ಸೇರಿ ಸಕ್ಕರೆ ಅತಿಯಾಗಿ ಇಳಿಯಬಹುದು. ಎರಡು ಪಕ್ಷದಲ್ಲಿಯೂ ವೈದ್ಯರಿಗೆ ತಿಳಿಯದೆ ಸೇವಿಸುವುದು ಅಪಾಯವೇ.

ಮತ್ತೊಂದು ವಿಷಯವನ್ನು ಚೂರ್ಣದ ಪೊಟ್ಟಣದ ಮೇಲೆ ಯಾರೂ ಅಚ್ಚುಹಾಕಿಸುವುದಿಲ್ಲ. ಈ ಹುಲ್ಲು ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಕೆಸರಿನಿಂದಲೂ ನೀರಿನಿಂದಲೂ ಹೀರಿ ತನ್ನಲ್ಲಿ ಶೇಖರಿಸಿಕೊಳ್ಳುತ್ತದೆ. ಬಂದರಿನ ಬಳಿ ಕಿತ್ತ ಹುಲ್ಲನ್ನು ಪುಡಿಮಾಡಿದರೆ ಲೋಹವೂ ಪುಡಿಯಾಗಿ ಹೊಟ್ಟೆಗೆ ಹೋಗುವುದು.

ಕೀಳದೆ ಬಿಟ್ಟಾಗಲೂ ಇದು ಆರೋಗ್ಯಕ್ಕೆ ಉಪಕಾರ ಮಾಡುತ್ತಿರುತ್ತದೆ. ಇಂಡೋನೇಷ್ಯದ ದ್ವೀಪಗಳ ಬಳಿ, ಈ ಹುಲ್ಲು ಬೆಳೆದಿರುವೆಡೆಯ ನೀರಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಗಳು ಸುಮಾರು ಅರ್ಧದಷ್ಟು ಕಡಮೆಯಿದ್ದವೆಂದು ೨೦೧೭ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳಲ್ಲಿ ಇದು ವಿಸ್ತಾರವಾಗಿ ಬೆಳೆಯುತ್ತದೆ. ಇದನ್ನೇ ಮೇದು ಬದುಕುವ ಕಡಲಹಸುವಿಗಾಗಿ ತಮಿಳುನಾಡಿನ ಸರಕಾರವು ೨೦೨೨ರಲ್ಲಿ ಪಾಕ್ ಕೊಲ್ಲಿಯ ೪೪೮ ಚದರ ಕಿಲೋಮೀಟರ್ ಪ್ರದೇಶವನ್ನು ಮೀಸಲಿಟ್ಟಿದೆ.