ಗುಪ್ತರೋಗದ ಪೋಸ್ಟರ್ ಕೇಳದ ಪ್ರಶ್ನೆ

ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ ‘ನರದೌರ್ಬಲ್ಯಕ್ಕೆ ಖಚಿತ ಚಿಕಿತ್ಸೆ’ ಎಂಬ ಪೋಸ್ಟರ್ ನೋಡದವರಿಲ್ಲ. ಲೇಹ್ಯ, ಪುಡಿ, ಎಣ್ಣೆ ಎಲ್ಲವೂ ಅಲ್ಲಿವೆ, ‘ಕುಡಿಯುತ್ತೀರಾ?’ ಎಂಬ ಪ್ರಶ್ನೆ ಮಾತ್ರ ಇಲ್ಲ. ಮೊದಲು ಕೇಳಬೇಕಾದದ್ದೇ ಅದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯವ್ಯಸನದ ಚಿಕಿತ್ಸೆಗೆ ಬಂದಿದ್ದ 100 ಗಂಡಸರ ಪೈಕಿ 72 ಮಂದಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಇತ್ತು. ಶೀಘ್ರಸ್ಖಲನ, ಆಸಕ್ತಿ ಕುಂದುವುದು, ನಿಮಿರುವಿಕೆಯ ಸಮಸ್ಯೆಗಳೇ ಹೆಚ್ಚು. ಕುಡಿತದ ಪ್ರಮಾಣ ಏರಿದಂತೆ ತೊಂದರೆಯೂ ಏರಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ. ನಿಮಿರುವಿಕೆಗೆ ಮಿದುಳಿನ ಸಂದೇಶ ನರಗಳ ಮೂಲಕ ತಲುಪಬೇಕು, ರಕ್ತನಾಳ ಹಿಗ್ಗಬೇಕು. ಮದ್ಯ ಆ ಸಂದೇಶವನ್ನೇ ಮಂಕಾಗಿಸುತ್ತದೆ. ವರ್ಷಗಟ್ಟಲೆ ಕುಡಿದರೆ ನರಗಳೇ ಹಾಳಾಗುತ್ತವೆ, ವೃಷಣದಲ್ಲಿ ಟೆಸ್ಟೋಸ್ಟಿರಾನ್ ಉತ್ಪತ್ತಿ ತಗ್ಗುತ್ತದೆ, ವೀರ್ಯಾಣುಗಳ ಗುಣಮಟ್ಟ ಕುಸಿಯುತ್ತದೆ. ಯಕೃತ್ತು ಕೆಟ್ಟವರಲ್ಲಿ ಹಾರ್ಮೋನುಗಳ ಸಮತೋಲನ ತಪ್ಪಿ ಎದೆ ಊದಿಕೊಳ್ಳುವುದೂ ಉಂಟು. ಮನೆಯೊಳಗಿನ ಪರಿಣಾಮ ಇನ್ನೂ ಘೋರ. ತನ್ನಿಂದ ಆಗುತ್ತಿಲ್ಲ ಎಂಬುದನ್ನು ಒಪ್ಪಿಕೊಳ್ಳಲಾಗದ ಕುಡುಕ, ಹೆಂಡತಿಯ ಶೀಲವನ್ನೇ ಶಂಕಿಸುತ್ತಾನೆ. ಮನೋವೈದ್ಯರಿಗೆ ಚಿರಪರಿಚಿತವಾದ ಈ ಸಂಶಯರೋಗದ ಏಟು ಬೀಳುವುದು ಆಕೆಯ ಮೈಮೇಲೆ. ಗಂಡಸಿನ ನಾಚಿಕೆಯ ಬೆಲೆಯನ್ನು ಅವಳೇಕೆ ತೆರಬೇಕು?

‘ಅವರೆಲ್ಲ ವ್ಯಸನಿಗಳು, ನಾನು ವಾರಕ್ಕೆರಡು ಪೆಗ್ ಹಾಕುವವನು’ ಎನ್ನುವವರಿದ್ದಾರೆ. ಅಳುಕು ಕಳೆದು ಆಸೆ ಹೆಚ್ಚುತ್ತದೆ ಎಂಬ ಅವರ ಮಾತು ಪೂರ್ತಿ ಸುಳ್ಳಲ್ಲ. ಅಲ್ಪಸ್ವಲ್ಪ ಕುಡಿಯುವವರಲ್ಲಿ ನಿಮಿರುವಿಕೆಯ ತೊಂದರೆ ಹೆಚ್ಚಿಲ್ಲವೆಂದು ಕೆಲವು ಸಮೀಕ್ಷೆಗಳೂ ಹೇಳಿವೆ. ಆದರೆ ಅಳುಕು ಹೋಗಲು ಮದ್ಯವೇ ಬೇಕೆಂದಾದ ದಿನ ಎರಡು ಪೆಗ್ಗು ಎರಡರಲ್ಲೇ ನಿಲ್ಲುವ ಖಾತ್ರಿಯಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟೂ ಕಾರಣವಲ್ಲವೇ ಎಂದರೆ, ಖಂಡಿತ ಹೌದು. ಹಾಗಾಗಿಯೇ ಪುಡಿ ಮಾರುವವನ ಬದಲು ವೈದ್ಯರ ಬಳಿ ಹೋಗಬೇಕು, ಕುಡಿತದ ಲೆಕ್ಕವನ್ನು ಮುಚ್ಚಿಡದೆ ಹೇಳಬೇಕು. ವೈದ್ಯರೂ ಮುಜುಗರಪಡದೆ ಕೇಳಬೇಕು. ಕುಡಿತ ಬಿಟ್ಟ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ಸುಧಾರಣೆ ಕಾಣುತ್ತದೆ; ನರ, ಯಕೃತ್ತು ತೀರಾ ಹಾಳಾಗಿದ್ದರೆ ಮಾತ್ರ ಅಷ್ಟು ಭರವಸೆ ಕೊಡಲಾಗದು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿ. ಯಾರಲ್ಲಿ ಹೇಳುವುದೆಂಬ ಸಂಕೋಚವಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.